ಬಟ್ಟೆಯಲ್ಲಿ ಉಳಿದದ್ದು

ನನ್ನ ಸೋದರತ್ತೆಗೆ 78 ವರ್ಷ. ಜಿನನಾಥಪುರದ ಹಳೇ ಮನೆಯಲ್ಲಿ ಒಬ್ಬರೇ ಇದ್ದಾರೆ. ಎರಡೂ ಮಂಡಿ ನೋವು. ಬೆಳಗ್ಗೆ ಬಸದಿಗೆ ಹೋಗಿ ಬರುವಷ್ಟರಲ್ಲಿ ಮೂರು ಕಡೆ ಕೂತು ಏಳಬೇಕು. ಮಗ ಅಮೆರಿಕದಲ್ಲಿದ್ದಾನೆ. ಹೋದ ದೀಪಾವಳಿಗೆ ಬಂದಿದ್ದವನು ಅಮ್ಮನಿಗೆ ಅಂತ ಒಂದು ಬಾಟಲಿ ಕ್ಯಾಪ್ಸೂಲ್ ಕೊಟ್ಟು ಹೋದ. ಕೆಂಪಗೆ, ದಾಳಿಂಬೆ ಕಾಳಿನ ಹಾಗೆ ಹೊಳೆಯುವ ಕ್ಯಾಪ್ಸೂಲ್. "ಒಮೇಗಾ ತ್ರೀ ಅಮ್ಮ, ಕೀಲಿಗೆ ಒಳ್ಳೇದು, ದಿನಾ ಒಂದು ತಗೋ" ಅಂದಿದ್ದನಂತೆ. ಅತ್ತೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಸೋಸಿದ ನೀರಿನಲ್ಲಿ ಒಂದೊಂದೇ ನುಂಗುತ್ತಾ ಬಂದಿದ್ದರು.

ಕಾರ್ತಿಕದಲ್ಲಿ ನಾನು ಹಾಸನದಿಂದ ಹೋದಾಗ ಬಾಟಲಿ ಕೈಗೆ ಕೊಟ್ಟರು. "ಇದು ಏನು ಎಣ್ಣೆ ನೋಡೇ. ತೇಗು ಬಂದ್ರೆ ಒಂಥರಾ ವಾಸನೆ ಬರುತ್ತೆ."

ನೋಡಿದೆ. ಕ್ರಿಲ್ ಆಯಿಲ್ ಅಂತ ಬರೆದಿತ್ತು. ನಮ್ಮ ದೇಶದ ಪ್ಯಾಕೆಟ್ ಆಗಿದ್ದರೆ ಮೂಲೆಯಲ್ಲಿ ಹಸಿರು ಚುಕ್ಕೆ ಇದೆಯೋ ಇಲ್ಲವೋ ಅಂತ ಅತ್ತೆಯೇ ನೋಡಿಕೊಳ್ಳುತ್ತಿದ್ದರು. ಅಮೆರಿಕದ ಬಾಟಲಿಗೆ ಆ ಚುಕ್ಕೆ ಇರಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವಳಿಗೆ ಕ್ರಿಲ್ ಅಂದರೆ ಏನು ಅಂತ ಗೊತ್ತಿಲ್ಲದೆ ಇರುತ್ತಾ? ಆದರೂ ನನ್ನ ಬಾಯಿಂದ ಬಂದದ್ದು, "ಸಮುದ್ರದ್ದು ಏನೋ ಇರಬೇಕು ಅತ್ತೆ, ಅಕ್ಷರ ಸಣ್ಣದು, ಕನ್ನಡಕ ತಂದಿಲ್ಲ."

ಕನ್ನಡಕ ನನ್ನ ತಲೆ ಮೇಲೇ ಇತ್ತು.

ನಾಲ್ಕು ದಿನ ಅಲ್ಲೇ ಇದ್ದೆ. ನಾಲ್ಕು ಸಂಜೆ ಅತ್ತೆ ನನ್ನ ಎದುರಿಗೇ ಕೂತು ನುಂಗಿದರು. ಆ ನಾಲ್ಕು ದಿನದ ಬಗ್ಗೆ ಈ ಬರಹ.

ಮೊದಲು ಈ ಕ್ರಿಲ್ ಅನ್ನುವ ಜೀವದ ಬಗ್ಗೆ ಹೇಳಿಬಿಡ್ತೀನಿ. ಅದು ಗೊತ್ತಿಲ್ಲದಿದ್ದರೆ ನನ್ನ ಸಂಕಟ ಬರೀ ಅತಿ ಅನ್ನಿಸುತ್ತೆ.

ನೋಡಲು ಸಿಗಡಿ ಥರ. ಸಿಗಡಿಯಲ್ಲ, ಅದರ ದೂರದ ನೆಂಟ. ಅಂಟಾರ್ಕ್ಟಿಕದ ಸುತ್ತಲಿನ ಕಡಲಿನಲ್ಲಿರುವ ಜಾತಿಯ ಹೆಸರು ಯೂಫಾಸಿಯಾ ಸುಪರ್ಬಾ. ಪೂರ್ತಿ ಬೆಳೆದರೆ ಆರು ಸೆಂಟಿಮೀಟರ್ ಉದ್ದ, ಹೆಚ್ಚೆಂದರೆ ಎರಡು ಗ್ರಾಂ ತೂಕ. ಮೈ ಗಾಜಿನ ಹಾಗೆ. ಹಸಿರು ಪಾಚಿ ತಿಂದಿದ್ದರೆ ಹೊಟ್ಟೆಯೊಳಗಿನ ಹಸಿರು ಹೊರಗಿನಿಂದಲೇ ಕಾಣುತ್ತೆ. ಕಿವಿರುಗಳು ಸಿಗಡಿಗೆ ಇರುವಂತೆ ಚಿಪ್ಪಿನೊಳಗೆ ಮುಚ್ಚಿಕೊಂಡಿಲ್ಲ. ಕಾಲಿನ ಬುಡದಲ್ಲಿ ಜಾಲರಿ ಹಾಗೆ ಹೊರಗೇ ನೇತಾಡುತ್ತವೆ. ಮೈಮೇಲೆ ಹತ್ತು ದೀಪಗಳಿವೆ: ಕಣ್ಣಿನ ಕಾಂಡದ ಹತ್ತಿರ ಎರಡು, ಎದೆಯ ಕಾಲುಗಳ ಬುಡದಲ್ಲಿ ನಾಲ್ಕು, ಹೊಟ್ಟೆಯ ಕೆಳಗೆ ಸಾಲಾಗಿ ನಾಲ್ಕು. ನೀಲಿ ಹಸಿರು ಬೆಳಕು ಕೊಡುತ್ತವೆ. ಎದೆಯ ಕಾಲುಗಳ ತುಂಬಾ ಸಣ್ಣ ಸಣ್ಣ ಕೂದಲು. ಕಾಲುಗಳನ್ನೆಲ್ಲ ಮುಂದಕ್ಕೆ ಚಾಚಿ ಕೂಡಿಸಿದರೆ ಒಂದು ಬುಟ್ಟಿ. ಆ ಬುಟ್ಟಿಯಲ್ಲಿ ನೀರು ಹಿಡಿದು, ಹಿಂಡಿ, ಉಳಿದ ಪಾಚಿಯನ್ನು ತಿನ್ನುತ್ತದೆ. ಅಂದರೆ ಇದು ನೀರು ಸೋಸುವ ಪ್ರಾಣಿ. ಇದನ್ನು ಸೋಸಿ ತಿನ್ನುವುದು ನೀಲಿ ತಿಮಿಂಗಿಲ. ಈ ಮಾತು ಇಲ್ಲಿಟ್ಟಿರಿ, ಮುಂದೆ ಬೇಕಾಗುತ್ತೆ.

ಆದರೆ ನನ್ನನ್ನು ನಾಲ್ಕು ರಾತ್ರಿ ಕಾಡಿದ್ದು ಬೆಳೆದ ಕ್ರಿಲ್ ಅಲ್ಲ, ಅದರ ಮರಿ.

ತಾಯಿ ಒಂದು ಸಲಕ್ಕೆ ಸಾವಿರಾರು ಮೊಟ್ಟೆ, ಕೆಲವೊಮ್ಮೆ 10,000ದ ತನಕ, ಮೇಲಿನ ನೀರಿನಲ್ಲಿ ಬಿಟ್ಟುಬಿಡುತ್ತದೆ. ಮೊಟ್ಟೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ದೊಡ್ಡದು. ಅದು ಮುಳುಗಲು ಶುರು ಮಾಡುತ್ತದೆ. ಐದಾರು ದಿನ ಮುಳುಗುತ್ತಲೇ ಹೋಗಿ, 700ರಿಂದ 1,000 ಮೀಟರ್ ಆಳದಲ್ಲಿ, ಬೆಳಕು ಅನ್ನುವುದೇ ಇಲ್ಲದ ಕಡೆ ಒಡೆಯುತ್ತದೆ. ಹೊರಗೆ ಬರುವ ಮರಿಗೆ ನಾಪ್ಲಿಯಸ್ ಅಂತ ಹೆಸರು. ಮೈಯಲ್ಲಿ ಭಾಗಗಳೇ ಕಾಣುವುದಿಲ್ಲ, ಒಂದು ಉಂಡೆ. ಮೂರು ಜೊತೆ ಅಂಗ: ಎರಡು ಜೊತೆ ಮುಂದೆ ಮೀಸೆಗಳಾಗಬೇಕಾದವು, ಒಂದು ಜೊತೆ ದವಡೆಯಾಗಬೇಕಾದದ್ದು. ಈಗ ಮೂರೂ ಈಜುವ ಹುಟ್ಟು. ತಿನ್ನಲು ಬಾಯಿ ತಯಾರಾಗಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿ, ಅಂದರೆ ಮೊಟ್ಟೆಯೊಳಗಿನ ಹಳದಿ, ಅಷ್ಟೇ ಇದೆ. ಆ ಬುತ್ತಿ ಮುಗಿಯುವುದರೊಳಗೆ ಅಷ್ಟು ಆಳದಿಂದ ಮೇಲಕ್ಕೆ ಈಜಬೇಕು. ಯಾಕೆಂದರೆ ಆಹಾರ ಇರುವುದು ಬೆಳಕಿರುವ ಕಡೆ.

ದಾರಿಯಲ್ಲಿ ಪೊರೆ ಕಳಚುತ್ತಾ ಹೋಗುತ್ತದೆ. ನಾಪ್ಲಿಯಸ್ ಎರಡು ಹಂತ, ಆಮೇಲೆ ಮೆಟಾನಾಪ್ಲಿಯಸ್ ಒಂದು. ಅಲ್ಲಿಯವರೆಗೂ ಉಪವಾಸ. ಮೂರು ವಾರಕ್ಕೂ ಮೇಲೆ ಈಜಿ, ಮೇಲಿನ ನೀರು ತಲುಪುವ ಹೊತ್ತಿಗೆ ಕ್ಯಾಲಿಪ್ಟೋಪಿಸ್ ಅನ್ನುವ ಹಂತ. ಆಗ ಬಾಯಿ ತೆರೆಯುತ್ತದೆ, ಮೊದಲ ತುತ್ತು. ಅಷ್ಟರಲ್ಲಿ ಪಾಚಿ ಸಿಗದಿದ್ದರೆ ಕಥೆ ಮುಗೀತು. ಕ್ಯಾಲಿಪ್ಟೋಪಿಸ್ ಅಂದರೆ ಮುಚ್ಚಿದ ಕಣ್ಣು ಅಂತ ಅರ್ಥ. ಕಣ್ಣು ಬೆಳೆಯುತ್ತಿರುತ್ತದೆ, ಆದರೆ ಬೆನ್ನಿನ ಚಿಪ್ಪು ಮುಂದಕ್ಕೆ ಬಂದು ಅದನ್ನು ಮುಚ್ಚಿರುತ್ತದೆ. ಹಾಗೆ ಮೂರು ಹಂತ ಕಳೆದ ಮೇಲೆ ಫರ್ಸಿಲಿಯಾ. ಈಗ ಕಣ್ಣು ಚಿಪ್ಪಿನ ಕೆಳಗಿಂದ ಹೊರಗೆ ಬಂದು ಕಾಂಡದ ಮೇಲೆ ಸುತ್ತಲೂ ತಿರುಗುತ್ತದೆ. ಹೊಟ್ಟೆಯ ಕೆಳಗೆ ಈಜುಗಾಲುಗಳು ಒಂದೊಂದೇ ಜೊತೆ ಮೂಡುತ್ತವೆ. ಇದು ಆರು ಹಂತ. ಒಟ್ಟು ಹನ್ನೆರಡು. ಅಷ್ಟೊತ್ತಿಗೆ ಅಲ್ಲಿ ಚಳಿಗಾಲ ಹಿಡಿದಿರುತ್ತದೆ. ಮರಿಗಳು ಹೆಪ್ಪುಗಟ್ಟಿದ ಕಡಲಿನ ಅಡಿಮೈಗೆ ಅಂಟಿದ ಪಾಚಿಯನ್ನು ಕೆರೆದು ತಿಂದು ಜೀವ ಹಿಡಿಯುತ್ತವೆ. ಬೆಳೆದ ಮೇಲೂ ಹಸಿವಾದರೆ ಒಂದು ಉಪಾಯವಿದೆ: ಪೊರೆ ಬಿಡುವಾಗ ಮೊದಲಿಗಿಂತ ಚಿಕ್ಕದಾಗಿ ಹೊರಗೆ ಬರುವುದು. ದೇಹವನ್ನೇ ಕುಗ್ಗಿಸಿಕೊಂಡು ಬದುಕುವ ಪ್ರಾಣಿ. ನಮ್ಮ ಕಡೆ ಇದಕ್ಕೆ ಬೇರೆ ಹೆಸರಿದೆ, ಆದರೆ ಕ್ರಿಲ್‌ಗೆ ತಪಸ್ಸು ಅಂಟಿಸುವ ಆಸೆ ನನಗಿಲ್ಲ.

ಈ ನಾಪ್ಲಿಯಸ್ ನನಗೆ ಹೊಸ ಪರಿಚಯ ಅಲ್ಲ. ಅಂಟಾರ್ಕ್ಟಿಕಕ್ಕೆ ನಾನು ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ. ಅದರ ಸೋದರಸಂಬಂಧಿಯನ್ನು ನಾನು ನೋಡಿದ್ದು ಇದೇ ಮನೆಯ ಬಾವಿ ನೀರಿನಲ್ಲಿ, ಹದಿನೇಳನೇ ವಯಸ್ಸಿನಲ್ಲಿ.

ಆಗ ಅಜ್ಜಿ ಇದ್ದರು. ಹಿತ್ತಿಲಲ್ಲಿ ಬಾವಿ. ನೀರು ಸೇದಿದ ಮೇಲೆ ಬಿಳೀ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಿತ್ತಾಳೆ ಕೊಡದ ಬಾಯಿಗೆ ಹಾಕಿ ಗಾಳಿಸುವುದು ದಿನದ ಕೆಲಸ. ಎಲ್ಲ ಜೈನರ ಮನೆಯಲ್ಲೂ ಇರುವುದೇ. ಆದರೆ ಗಾಳಿಸಿದ ನೀರು ಎರಡು ಗಳಿಗೆಗೆ, ಅಂದರೆ 48 ನಿಮಿಷಕ್ಕೆ ಮಾತ್ರ ಸರಿ, ಆಮೇಲೆ ಮತ್ತೆ ಗಾಳಿಸಬೇಕು ಅನ್ನುವ ಲೆಕ್ಕ ಎಲ್ಲರೂ ಇಡುತ್ತಿರಲಿಲ್ಲ, ಅಜ್ಜಿ ಇಡುತ್ತಿದ್ದರು. ನನಗೆ ಹೆಚ್ಚು ನೆನಪಿರುವುದು ಆಮೇಲಿನ ಕೆಲಸ. ಬಟ್ಟೆಯನ್ನು ಮಗುಚಿ, ಮೇಲೆ ಗಾಳಿಸಿದ ನೀರನ್ನೇ ಹಾಕಿ, ಉಳಿದದ್ದನ್ನು ಒಂದು ಚೊಂಬಿಗೆ ಇಳಿಸುವರು. ಚೊಂಬಿಗೆ ಹಗ್ಗ ಕಟ್ಟಿ ಬಾವಿಗೆ ಬಿಟ್ಟು, ಅದು ನೀರು ಮುಟ್ಟಿದ ಮೇಲೆ ಮೆಲ್ಲಗೆ ಓಲಿಸಿ ಖಾಲಿ ಮಾಡುವರು. ಮೇಲಿನಿಂದ ಸುರಿಯಬಾರದು. "ಅಷ್ಟೆತ್ತರದಿಂದ ಬಿದ್ರೆ ಅವಕ್ಕೆ ಏಟಾಗಲ್ವಾ?" ಯಾವ ಬಾವಿಯ ಜೀವವೋ ಅದೇ ಬಾವಿಗೆ ಹೋಗಬೇಕು, ಕೆರೆಯದ್ದು ಕೆರೆಗೆ.

ಬಿಎಸ್ಸಿ ಮೊದಲ ವರ್ಷ. ಆ ಚೊಂಬಿನ ನೀರನ್ನು ಒಂದು ಔಷಧಿ ಸೀಸೆಯಲ್ಲಿ ತುಂಬಿ ಹಾಸನಕ್ಕೆ ಒಯ್ದೆ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಒಂದು ಜಾತ್ರೆ. ಸೈಕ್ಲೋಪ್ಸ್‌ಗಳು: ಒಂದು ಮಿಲಿಮೀಟರ್ ಉದ್ದ, ಹಣೆ ಮಧ್ಯೆ ಒಂದೇ ಕೆಂಪು ಕಣ್ಣು, ಹೆಣ್ಣಾದರೆ ಬಾಲದ ಎರಡೂ ಬದಿಗೆ ಎರಡು ಮೊಟ್ಟೆಯ ಚೀಲ. ಅವುಗಳ ನಡುವೆ ಕುಪ್ಪಳಿಸುವ ಪುಟ್ಟ ಪುಟ್ಟ ಉಂಡೆಗಳು, ಮೂರು ಜೊತೆ ಅಂಗ, ಒಂದು ಕಣ್ಣು. ನಾಪ್ಲಿಯಸ್. 1785ರಲ್ಲಿ ಡೆನ್ಮಾರ್ಕಿನ ಒಟ್ಟೋ ಫ್ರೆಡ್ರಿಕ್ ಮ್ಯೂಲರ್ ಈ ಹೆಸರಿಟ್ಟಾಗ ಅದು ಮರಿ ಅಂತ ಅವನಿಗೆ ಗೊತ್ತಿರಲಿಲ್ಲ, ಬೇರೆಯದೇ ಒಂದು ಪ್ರಾಣಿ ಅಂದುಕೊಂಡಿದ್ದ. ಕ್ಯಾಲಿಪ್ಟೋಪಿಸ್, ಫರ್ಸಿಲಿಯಾಗಳ ಕಥೆಯೂ ಹೀಗೇ. ಮೊದಲು ಬೇರೆ ಬೇರೆ ಪ್ರಾಣಿಗಳೆಂದು ಹೆಸರಿಟ್ಟು, ಆಮೇಲೆ ಒಂದೇ ಜೀವದ ಬೇರೆ ಬೇರೆ ವಯಸ್ಸು ಅಂತ ತಿಳಿದದ್ದು. ಬಾವಿಯ ಸೈಕ್ಲೋಪ್ಸ್, ಹೊಲದ ಏಡಿ, ಕಡಲಿನ ಸಿಗಡಿ, ಕ್ರಿಲ್, ಬಂಡೆಗೆ ಅಂಟಿ ಕೂರುವ ಬಾರ್ನಕಲ್, ಎಲ್ಲವೂ ಒಂದೇ ದೊಡ್ಡ ಕುಲ. ಏಡಿಯಂಥವು ನಾಪ್ಲಿಯಸ್ ಹಂತವನ್ನು ಮೊಟ್ಟೆಯೊಳಗೇ ಮುಗಿಸಿಬಿಡುತ್ತವೆ. ಉಳಿದವುಗಳಲ್ಲಿ ಬಹಳಷ್ಟು ಇದೇ ಮೂರು ಜೊತೆ ಹುಟ್ಟು ಹಾಕಿಕೊಂಡು ಲೋಕಕ್ಕೆ ಬರುತ್ತವೆ.

ಊರಿಗೆ ಬಂದು ಅಜ್ಜಿಗೆ ಚಿತ್ರ ಬರೆದು ತೋರಿಸಿದೆ. ಇನ್ನೊಂದನ್ನೂ ಹೇಳಿದೆ, ಹುಡುಗುತನದ ಜಂಬ: "ಅಜ್ಜಿ, ನೀವು ಗಾಳಿಸಿದ ನೀರನ್ನೂ ನೋಡಿದೆ. ಅದರಲ್ಲೂ ಮರಿಗಳಿದ್ವು. ಬಟ್ಟೆಯಿಂದ ತೂರಿಕೊಂಡು ಬಂದ್ಬಿಡ್ತವೆ."

ಅಜ್ಜಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬಟ್ಟೆ ಇನ್ನೊಂದು ಮಡಿಕೆ ಹಾಕ್ತೀನಿ ಅಂದರು. ಆಮೇಲೆ, "ನನ್ ಕೈಲಾದಷ್ಟು ಮಾಡ್ತೀನಿ. ಕಾಣದೆ ಆಗಿದ್ದಕ್ಕೆ ಸಾಯಂಕಾಲ ಪ್ರತಿಕ್ರಮಣ ಇದೆ. ನಿನಗೆ ಕಂಡ್ತಲ್ಲ ಮಗ, ನೀನೇನ್ ಮಾಡ್ತೀಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಅವರಿಗೆ ಹೇಳದ ವಿಷಯ ಒಂದಿತ್ತು. ಅವು ಕುಪ್ಪಳಿಸುತ್ತಿದ್ದರೆ ಚಿತ್ರ ಬರೆಯಲು ಆಗುವುದಿಲ್ಲ. ಅದಕ್ಕೆ ಒಂದು ಹನಿ ಫಾರ್ಮಲಿನ್ ಬಿಡಬೇಕು. ಬಿಟ್ಟಿದ್ದೆ.

ಅಂದರೆ ಕನ್ನಡಕ ತಲೆ ಮೇಲೆ ಇಟ್ಟುಕೊಂಡು ಕನ್ನಡಕ ಇಲ್ಲ ಅನ್ನುವ ಅಭ್ಯಾಸ ನನಗೆ ಹಳೆಯದು.

ಈಗ ತತ್ವದ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಜೀವಗಳನ್ನು ಇಂದ್ರಿಯದ ಲೆಕ್ಕದಲ್ಲಿ ಇಡುವುದು ಓದುಗರಲ್ಲಿ ಹಲವರಿಗೆ ಗೊತ್ತಿರುತ್ತೆ. ಮಣ್ಣು, ನೀರು, ಗಿಡಕ್ಕೆ ಸ್ಪರ್ಶ ಒಂದೇ. ಹುಳುವಿಗೆ ರುಚಿಯೂ ಸೇರಿ ಎರಡು. ಇರುವೆಗೆ ವಾಸನೆ ಸೇರಿ ಮೂರು. ದುಂಬಿಗೆ ಕಣ್ಣು ಸೇರಿ ನಾಲ್ಕು. ಮೀನು, ಹಸು, ಮನುಷ್ಯರಿಗೆ ಕಿವಿಯೂ ಸೇರಿ ಐದು. ಗೃಹಸ್ಥರು ಒಂದಿಂದ್ರಿಯದ ಜೀವಗಳನ್ನು ಪೂರ್ತಿ ಬಿಟ್ಟು ಬದುಕಲು ಆಗಲ್ಲ, ಅನ್ನ ಉಣ್ಣಲೇಬೇಕು. ಎರಡರಿಂದ ಮೇಲಿನದ್ದು ಬೇಡ. ಈ ಲೆಕ್ಕದಲ್ಲಿ ಬೆಳೆದ ಕ್ರಿಲ್ ಎಲ್ಲಿ ಕೂರುತ್ತೆ? ಮೀಸೆಯಿಂದ ಮುಟ್ಟುತ್ತೆ, ವಾಸನೆ ಹಿಡಿಯುತ್ತೆ, ರುಚಿ ಗೊತ್ತು, ಕಣ್ಣಿದೆ. ಕಿವಿ ಕಾಣದು. ನಾಲ್ಕು ಅನ್ನೋಣ. ದುಂಬಿಯ ಸಾಲು.

ಮರಿ? ಸಾವಿರ ಮೀಟರ್ ಆಳದಲ್ಲಿ ಬಾಯಿಲ್ಲದೆ ಈಜುತ್ತಿರುವ ಉಂಡೆಗೆ ಎಷ್ಟು ಇಂದ್ರಿಯ? ಕ್ಯಾಲಿಪ್ಟೋಪಿಸ್‌ನ ಚಿಪ್ಪಿನಡಿಯ ಕಣ್ಣನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ? ಒಂದೇ ಜೀವ, ಅಂಗ ಒಂದೊಂದಾಗಿ ಸೇರುತ್ತಾ ಹೋಗುತ್ತೆ. ಯಾವ ಪೊರೆ ಕಳಚಿದ ದಿನ ಅದರ ಪ್ರಾಣದ ತೂಕ ಹೆಚ್ಚಾಗುತ್ತೆ?

ಹಿಂದಿನವರಿಗೆ ಈ ತೊಡಕು ಹೊಳೆದಿರಲಿಲ್ಲ ಅಂತಲ್ಲ. ಪರ್ಯಾಪ್ತಿ ಅಂತ ಒಂದು ವಿಚಾರ ಇದೆ. ಜೀವ ಹೊಸ ಹುಟ್ಟಿಗೆ ಬಂದಾಗ ಆಹಾರ, ಶರೀರ, ಇಂದ್ರಿಯ, ಉಸಿರು, ಭಾಷೆ, ಮನಸ್ಸು, ಈ ಶಕ್ತಿಗಳು ತನಗೆ ಸಲ್ಲುವಷ್ಟು ಮಟ್ಟಿಗೆ ಕ್ರಮವಾಗಿ ಪೂರ್ತಿಯಾಗುತ್ತವೆ. ಆಗದೆ ಸತ್ತರೆ ಅದು ಅಪರ್ಯಾಪ್ತ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿದ್ದು ನಿಜ. ಆದರೆ ಅದನ್ನು ಹಿಡಿದು "ನೋಡಿ, ಲಾರ್ವಾ ಬೆಳವಣಿಗೆ ನಮ್ಮ ಶಾಸ್ತ್ರದಲ್ಲಿ ಆಗಲೇ ಇತ್ತು" ಅಂತ ಭಾಷಣ ಮಾಡುವವರ ಪಕ್ಕ ನಾನು ಕೂರಲಾರೆ. ಅಲ್ಲಿ ಇದೆಲ್ಲ ಮುಗಿಯುವುದು ಅಂತರ್ಮುಹೂರ್ತದಲ್ಲಿ, 48 ನಿಮಿಷದ ಒಳಗೆ. ಕ್ರಿಲ್‌ಗೆ ತಿಂಗಳುಗಟ್ಟಲೆ ಬೇಕು. ಅಲ್ಲಿ ಮೊದಲ ಮೆಟ್ಟಿಲು ಆಹಾರ. ಅದು ಬಾಯಿಂದ ತಿನ್ನುವುದಲ್ಲ, ಪುದ್ಗಲವನ್ನು ಒಳಗೆ ತೆಗೆದುಕೊಳ್ಳುವುದು. ಇಲ್ಲಿ ಮೊದಲು ಕಾಲು, ಆಮೇಲೆ ಬಾಯಿ. ಎರಡೂ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು. ಬಲವಂತವಾಗಿ ಮದುವೆ ಮಾಡಿಸಿದರೆ ಎರಡಕ್ಕೂ ಅವಮಾನ.

ಇಂದ್ರಿಯದ ಲೆಕ್ಕ ಎಷ್ಟು ಹಾಕಿದರೂ ನನ್ನ ನಾಲ್ಕು ದಿನಕ್ಕೆ ಅದು ನೆರವಾಗಲಿಲ್ಲ. ನಾಲ್ಕೋ ಮೂರೋ, ಕ್ರಿಲ್ ಸತ್ತು ಎಣ್ಣೆಯಾಗಿ ಬಾಟಲಿಗೆ ಬಂದಾಗಿದೆ. ಲೆಕ್ಕ ತಿರುಗಬೇಕಾದದ್ದು ನಮ್ಮ ಕಡೆಗೆ. ಉಮಾಸ್ವಾಮಿಗಳ ತತ್ವಾರ್ಥಸೂತ್ರ ಹಿಂಸೆಯನ್ನು ಹೇಳುವಾಗ ಸತ್ತವರ ಇಂದ್ರಿಯವನ್ನು ಎಣಿಸುವುದಿಲ್ಲ. ಪ್ರಮಾದದಿಂದ ಪ್ರಾಣ ಕಳೆಯುವುದು ಹಿಂಸೆ ಅನ್ನುತ್ತದೆ. ಪ್ರಮಾದ ಅಂದರೆ ಎಚ್ಚರ ತಪ್ಪುವುದು, ನೋಡಬೇಕಾದದ್ದನ್ನು ನೋಡದಿರುವುದು. ಹಾಗಿದ್ದರೆ ಗೊತ್ತಿಲ್ಲದೆ ನುಂಗಿದ ಅತ್ತೆಗೆ ಏನೂ ಅಂಟಲಿಲ್ಲ ಅನ್ನಬಹುದು. ಅವರು ವಾಸನೆ ಹಿಡಿದು ಕೇಳಿದರು, ಎಚ್ಚರ ಇದ್ದದ್ದಕ್ಕೇ ಕೇಳಿದರು. ಚೀಟಿ ಓದದೆ ತಂದುಕೊಟ್ಟ ಮಗನದ್ದು ಪ್ರಮಾದ, ಪ್ರೀತಿಯಿಂದ ಆದದ್ದಾದರೂ. ಓದಿಯೂ ಸುಮ್ಮನಿದ್ದವಳದ್ದು?

ನನ್ನ ವಾದ ಏನಿತ್ತು ಗೊತ್ತಾ? ಹೇಳಿದರೆ ನೋವು ಶುರುವಾಗುತ್ತೆ. ಸತ್ತ ಕ್ರಿಲ್ ಹೇಳಿದರೂ ಏಳಲ್ಲ, ಹೇಳದಿದ್ದರೂ ಏಳಲ್ಲ. 78 ವರ್ಷದ ಹೆಂಗಸು, ಜೀವನದಲ್ಲಿ ಒಂದು ಮೊಟ್ಟೆ ಮುಟ್ಟಿದವರಲ್ಲ. ಅವರಿಗೆ ಈ ವಿಷಯ ಹೇಳಿ ಸಿಗುವುದೇನು? ಬಾಟಲಿ ಮುಗಿಯಲಿ, ಮುಂದಿನದ್ದು ತರಿಸದ ಹಾಗೆ ನೋಡಿಕೊಂಡರೆ ಸಾಕು. ಕರುಣೆಯ ವಾದ. ಕೇಳಲು ಚೆನ್ನಾಗಿದೆ. ಮೂರನೇ ರಾತ್ರಿ ನಿದ್ದೆ ಬರದೆ ಮಲಗಿದ್ದಾಗ ಅನ್ನಿಸಿತು: ಇದು ಅತ್ತೆಯ ಮೇಲಿನ ಕರುಣೆ ಆಗಿದ್ದರೆ, ಅವರ ಮುಖ ನೋಡಬೇಕಾದ ಕಷ್ಟ ನನಗೆ ತಪ್ಪುತ್ತೆ ಅನ್ನುವ ಸಮಾಧಾನ ಅದರಲ್ಲಿ ಯಾಕಿದೆ?

ಬಟ್ಟೆಯ ವಿಷಯಕ್ಕೆ ವಾಪಸ್ ಬರುತ್ತೀನಿ. ಅಜ್ಜಿಯ ಆ ಬಿಳೀ ಬಟ್ಟೆಗೆ ಇನ್ನೂ ಎರಡು ಕಥೆಗಳಿವೆ.

ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ಗೊತ್ತಿರುತ್ತೆ. ಕುಡಿಯುವ ನೀರಿನ ಜೊತೆ ಸೈಕ್ಲೋಪ್ಸ್ ಹೊಟ್ಟೆಗೆ ಹೋಗುತ್ತೆ. ಅದು ಅಲ್ಲಿ ಸಾಯುತ್ತೆ, ಆದರೆ ಅದರೊಳಗಿದ್ದ ಹುಳುವಿನ ಮರಿ ಬದುಕುತ್ತೆ. ಒಂದು ವರ್ಷ ಆದಮೇಲೆ ಒಂದು ಮೀಟರ್ ಹತ್ತಿರ ಉದ್ದದ ದಾರದಂಥ ಹುಳು ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತೆ. ಉರಿ ತಾಳದೆ ಮೆಟ್ಟಿಲ ಬಾವಿಯಲ್ಲಿ ಕಾಲಿಟ್ಟರೆ ಹುಳು ನೀರಿಗೆ ಮರಿ ಬಿಡುತ್ತೆ, ಅವನ್ನು ಸೈಕ್ಲೋಪ್ಸ್ ತಿನ್ನುತ್ತೆ, ಚಕ್ರ ಮತ್ತೆ ಶುರು. ಇದಕ್ಕೆ ಮದ್ದಿಲ್ಲ, ಲಸಿಕೆ ಇಲ್ಲ. 1980ರ ದಶಕದಲ್ಲಿ ದೇಶದಾದ್ಯಂತ ಕಾರ್ಯಕ್ರಮ ಶುರುವಾದಾಗ ಮಾಡಿದ್ದು ಮುಖ್ಯವಾಗಿ ಇಷ್ಟು: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿದ್ದವರು ಬಾವಿಗೆ ಇಳಿಯಬೇಡಿ, ಮೆಟ್ಟಿಲ ಬಾವಿ ಬಿಟ್ಟು ಕೈಪಂಪಿನ ನೀರು ಬಳಸಿ, ಬಾವಿಗೆ ಟೆಮಿಫಾಸ್ ಅನ್ನುವ ಔಷಧಿ ಹಾಕಿ ಸೈಕ್ಲೋಪ್ಸ್ ಕೊಲ್ಲಿ. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ನಾರುಹುಣ್ಣು ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು.

ಇನ್ನೊಂದು ಬಾಂಗ್ಲಾದೇಶದ್ದು. ಕಾಲರಾ ರೋಗಾಣುಗಳು ಸೈಕ್ಲೋಪ್ಸ್‌ನಂಥ ಕೊಪೆಪಾಡ್‌ಗಳ ಮೈಗೆ ಅಂಟಿಕೊಂಡಿರುತ್ತವೆ ಅಂತ ಕಂಡುಕೊಂಡಿದ್ದ ರೀಟಾ ಕಾಲ್ವೆಲ್ ಮತ್ತು ಜೊತೆಗಾರರು ಹಳ್ಳಿ ಹೆಂಗಸರಿಗೆ ಹಳೇ ಸೀರೆ ನಾಲ್ಕು ಮಡಿಕೆ ಹಾಕಿ ನೀರು ಸೋಸಲು ಹೇಳಿಕೊಟ್ಟರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲರಾ 48 ಪ್ರತಿಶತ ಇಳಿದಿತ್ತು. ಹೊಸ ಸೀರೆಗಿಂತ ಹಳೇದೇ ಮೇಲು. ಒಗೆದು ಒಗೆದು ನೂಲು ಉಬ್ಬಿ ತೂತು ಚಿಕ್ಕದಾಗಿರುತ್ತೆ.

ಅದೇ ಬಟ್ಟೆ, ಅದೇ ಜೀವ. ಅಜ್ಜಿ ಸೋಸಿದ್ದು ನಮ್ಮಿಂದ ಅದನ್ನು ಉಳಿಸಲು. ಇವರು ಸೋಸಿದ್ದು ಅದರಿಂದ ನಮ್ಮನ್ನು ಉಳಿಸಲು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಕೇಳಿದ್ದ: "ಮೇಡಂ, ರಿಸಲ್ಟ್ ಒಂದೇ ಅಲ್ವಾ, ಉದ್ದೇಶ ಯಾವುದಾದ್ರೆ ಏನು?" ರಿಸಲ್ಟ್ ಒಂದೇ ಅಲ್ಲ. ಲೋಟದ ಒಳಗಿನ ನೀರು ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ಬಟ್ಟೆಯಲ್ಲಿ ಉಳಿದದ್ದನ್ನು ಏನು ಮಾಡುತ್ತೀರಿ ಅನ್ನುವಲ್ಲಿ. ಒಬ್ಬರು ಜಾಡಿಸಿ ಬಿಸಿಲಿಗೆ ಹಾಕುತ್ತಾರೆ, ಒಬ್ಬರು ಹಗ್ಗ ಕಟ್ಟಿ ಇಳಿಸುತ್ತಾರೆ.

ಹಾಗಂತ ಟೆಮಿಫಾಸ್ ಹಾಕಿದ ಆರೋಗ್ಯ ಕಾರ್ಯಕರ್ತರನ್ನು ನಾನು ದೂರುತ್ತಿಲ್ಲ. ಕಾಲಿನಿಂದ ಕಡ್ಡಿಗೆ ಸುತ್ತಿ ಸುತ್ತಿ ದಿನಕ್ಕೆ ಒಂದೆರಡು ಅಂಗುಲ ಹುಳು ಎಳೆಸಿಕೊಳ್ಳುವ ಮಗುವಿನ ಎದುರು ನಿಂತರೆ ನಾನೇ ಔಷಧಿ ಹಾಕುತ್ತೇನೆ. ಹಾಕಿದ ಮೇಲೆ ಸತ್ತದ್ದು ಏನೂ ಅಲ್ಲ ಅಂತ ಮಾತ್ರ ಹೇಳಲಾರೆ. ಅದನ್ನು ನನ್ನ ಖಾತೆಗೆ ಬರೆದುಕೊಳ್ಳಬೇಕು. ಕೊಲ್ಲಲೇಬೇಕಾದ ಕಡೆಗಳು ಇವೆ; ಎಣಿಸುವುದನ್ನು ಬಿಡಬೇಕು ಅನ್ನುವುದಕ್ಕೆ ಅದು ಕಾರಣ ಅಲ್ಲ.

ಇವತ್ತು ನಮ್ಮ ಮನೆಗಳಲ್ಲಿ ಬಾವಿ ಇಲ್ಲ. ಜಿನನಾಥಪುರದ ಮನೆಯ ಬಾವಿಗೂ ಕಬ್ಬಿಣದ ಜಾಲರಿ ಬಿದ್ದಿದೆ. ನಲ್ಲಿ ನೀರು, ಕ್ಲೋರಿನ್ ವಾಸನೆ. ಅತ್ತೆ ಈಗಲೂ ನಲ್ಲಿಗೆ ಬಟ್ಟೆ ಕಟ್ಟುತ್ತಾರೆ, ಬಟ್ಟೆಯಲ್ಲಿ ಉಳಿಯುವುದು ತುಕ್ಕು ಮತ್ತು ಮರಳು. ಬದುಕು ಸ್ವಚ್ಛವಾಯಿತು ಅನ್ನಿಸುತ್ತೆ. ಆದರೆ ನಾವು ತಿನ್ನುವುದು, ನುಂಗುವುದು, ಮೈಗೆ ಹಚ್ಚುವುದು ಎಲ್ಲವೂ ಈಗ ಬೇರೆಲ್ಲೋ ಸೋಸಿ ಬರುತ್ತೆ. ಅಂಟಾರ್ಕ್ಟಿಕದ ಕಡಲಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಟನ್ ಕ್ರಿಲ್ ಹಿಡಿಯುತ್ತಾರೆ. ಬಹುಪಾಲು ಸಾಕಣೆ ಮೀನಿನ ಮೇವಾಗುತ್ತದೆ, ಸ್ವಲ್ಪ ಎಣ್ಣೆ. ಅಟ್ಲಾಂಟಿಕ್ ಕಡೆಯ ಭಾಗಕ್ಕೆ 6,20,000 ಟನ್ ಮಿತಿ ಹಾಕಿದ್ದಾರೆ. ಆ ಮಿತಿ ಹಾಕಿದ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತವೂ ಸದಸ್ಯ. ಇರುವ ಒಟ್ಟು ಕ್ರಿಲ್ ಕೋಟಿಗಟ್ಟಲೆ ಟನ್, ಆದ್ದರಿಂದ ಇದು ಅಲ್ಪ ಎನ್ನುತ್ತಾರೆ. ಇರಬಹುದು. ಆದರೆ ತಿಮಿಂಗಿಲ, ಪೆಂಗ್ವಿನ್‌ಗಳು ಉಣ್ಣುವ ಜಾಗದಲ್ಲೇ ಬಲೆ ಎಳೆದರೆ ಒಟ್ಟು ಲೆಕ್ಕ ಸಮಾಧಾನ ಕೊಡುವುದಿಲ್ಲ. ಆ ಬಲೆಯೂ ಸೋಸುವ ಬಟ್ಟೆಯೇ. ಉಳಿದದ್ದನ್ನು ವಾಪಸ್ ಬಿಡುವ ಹಗ್ಗ ಮಾತ್ರ ಇಲ್ಲ.

ನಾಲ್ಕನೇ ದಿನ ಹೇಳಿದೆ. ಬೆಳಗ್ಗೆ ಶಾಂತಿನಾಥ ಬಸದಿಗೆ ಇಬ್ಬರೂ ಹೋಗಿದ್ದೆವು. 1200ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು; ಸಾಮಾನ್ಯವಾಗಿ ಬಸದಿಗಳ ಹೊರಗೋಡೆ ಬೋಳಾಗಿರುತ್ತೆ, ಇದರದ್ದು ಮಾತ್ರ ಸುತ್ತಲೂ ಕೆತ್ತನೆ. ಬೆಳಗೊಳಕ್ಕೆ ಬರುವ ಸಾವಿರಾರು ಜನ ಒಂದೇ ಕಿಲೋಮೀಟರ್ ದೂರದ ಇಲ್ಲಿಗೆ ಬರುವುದಿಲ್ಲ, ಅದು ಒಂದು ಪುಣ್ಯ. ಅತ್ತೆ ಎರಡನೇ ಸಲ ಕೂರುವ ಜಾಗದಲ್ಲಿ, ಜಗತಿಯ ಅಂಚಿನಲ್ಲಿ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ. "ಅತ್ತೆ, ಆ ಕೆಂಪು ಮಾತ್ರೆ ಇದೆಯಲ್ಲ, ಅದು ಒಂದು ಪ್ರಾಣಿಯಿಂದ ತೆಗೆದದ್ದು. ನನಗೆ ಮೊದಲನೇ ದಿನಾನೇ ಗೊತ್ತಿತ್ತು."

ಅವರು ಎದುರಿಗಿದ್ದ ಕೆತ್ತನೆ ನೋಡುತ್ತಾ ಇದ್ದರು. "ಹೆಂಗಿರುತ್ತೆ ಅದು?" ಅಂತ ಕೇಳಿದರು.

ಹೇಳಿದೆ. ಗಾಜಿನ ಮೈ, ಹತ್ತು ದೀಪ, ಕಾಲಿನ ಬುಟ್ಟಿ. ಮರಿಯದ್ದೂ ಹೇಳಿದೆ: ಕೆಳಗೆ ಬೀಳುವ ಮೊಟ್ಟೆ, ಬಾಯಿಲ್ಲದ ಈಜು. ಅಜ್ಜಿಗೆ ಚಿತ್ರ ತೋರಿಸಿದ್ದೆನಲ್ಲ, ಅದೇ ಥರದ ಮರಿ ಕಣತ್ತೆ ಅಂದೆ. ಅವರಿಗೆ ಆ ಚಿತ್ರ ನೆನಪಿತ್ತು. ಕ್ಯಾಪ್ಸೂಲಿನ ಹೊರಗಿನ ಕವಚದ ಜೆಲಟಿನ್ ಕೂಡ ಪ್ರಾಣಿಯದ್ದೇ ಅಂತ, ಶುರು ಮಾಡಿದ ಮೇಲೆ, ಅದನ್ನೂ ಹೇಳಿದೆ.

"ಒಂದರಲ್ಲಿ ಎಷ್ಟು ಇರುತ್ವೆ?"

ಕ್ರಿಲ್‌ನ ತೂಕದಲ್ಲಿ ಎಣ್ಣೆ ಕೆಲವೇ ಪ್ರತಿಶತ. ಅರ್ಧ ಗ್ರಾಂ ಎಣ್ಣೆಗೆ ಹತ್ತಿಪ್ಪತ್ತಾದರೂ ಬೇಕು. ಅತ್ತೆ ಬೆರಳು ಮಡಚಿ ದಿನ ಎಣಿಸಿದರು. ಇಪ್ಪತ್ತಾರು ಬಂತು. ಗುಣಿಸಲಿಲ್ಲ. ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನಾಲ್ಕು ದಿನದ್ದು ನೀನು ಹಾಕ್ಕೋ. ಮಿಕ್ಕಿದ್ದು ನಂದು" ಅಂದರು. ಇದು ತಮಾಷೆಯೋ ನಿಜವೋ ನನಗೆ ಈಗಲೂ ಗೊತ್ತಾಗಿಲ್ಲ. ಎದ್ದು ನಡೆಯುವಾಗ ಕೇಳಿದರು: "ಬಾಟ್ಲಿಲಿ ಇನ್ನೂ ಅರ್ಧ ಇದೆ. ಅದನ್ನ ಎಲ್ಲಿಗೆ ಬಿಡೋದೇ?"

ನಾನು ಕಸಕ್ಕೆ ಹಾಕೋಣ ಅಂದೆ. ಬೇಡ ಅಂದರು. ಬಾಟಲಿ ದೇವರ ಕೋಣೆಯ ಹೊರಗಿನ ಗೂಡಿನಲ್ಲಿ, ಹಳೇ ಪಂಚಾಂಗದ ಪಕ್ಕ ಇದೆ. ಮೊನ್ನೆ ಹೋದಾಗಲೂ ಇತ್ತು.

ಅವತ್ತು ರಾತ್ರಿ ಅಮೆರಿಕದಿಂದ ಫೋನ್ ಬಂತು. ಸ್ಪೀಕರ್ ಹಾಕಿದ್ದರು. ಮಗ ಕೇಳಿದ, "ಅಮ್ಮಾ, ಮಾತ್ರೆ ತಗೋತಿದ್ದೀಯಾ? ಮುಗಿಯೋ ಮುಂಚೆ ಹೇಳು, ಇನ್ನೊಂದು ಬಾಟಲಿ ಯಾರ ಕೈಲಾದರೂ ಕಳಿಸ್ತೀನಿ." ಅತ್ತೆ ನನ್ನ ಕಡೆ ನೋಡಿ, ಸುಮ್ಮನಿರು ಅಂತ ಕೈ ಅಲ್ಲಾಡಿಸಿದರು.

"ಬೇಡಪ್ಪ, ಮಂಡಿ ನೋವು ಪೂರ್ತಿ ವಾಸಿಯಾಯ್ತು. ಇವತ್ತು ಬಸದಿಗೆ ಎಲ್ಲೂ ಕೂರದೆ ಹೋಗಿ ಬಂದೆ" ಅಂದರು.